ಕೂರುವ ತರಬೇತಿ

ನಮ್ಮ ಹೂವಿನ ಕಂಪನಿಯಲ್ಲಿ ಕೂರಬೇಕೆಂದರೆ ಕಕ್ಕಸಿಗೆ ಹೋಗಬೇಕಿತ್ತು. ಊಟದ ಹೊತ್ತು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಮುನಿತಾಯಮ್ಮ ದಿನಕ್ಕೆ ನಾಕೈದು ಸಲ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಾಲು ಊದಿ, ಚಪ್ಪಲಿಯ ಬಾರು ಮಾಂಸದೊಳಗೆ ಹೂತುಹೋಗುತ್ತಿತ್ತು. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದಳು. ಸೂಪರ್‌ವೈಸರ್ ಕೆಂಪರಾಜ ಬಂದು ಬಾಗಿಲು ಬಡಿಯುತ್ತಿದ್ದ.

“ಏನಮ್ಮಿ ಮುನಿತಾಯಿ, ಹೊಟ್ಟೆ ಕೆಟ್ಟೈತಾ?”

“ಹೊಟ್ಟೆ ಚೆನ್ನಾಗೈತೆ ಕಣಪ್ಪ. ಕಾಲು ಕೆಟ್ಟೈತೆ.”

“ಕಾಲು ಕೆಟ್ರೆ ಕಕ್ಕಸಿಗ್ಯಾಕೆ ಬಂದೆ?”

“ಇನ್ನೆಲ್ಲಾದ್ರೂ ಜಾಗ ಕೊಟ್ಟಿದ್ರೆ ಅಲ್ಲಿಗೇ ಹೋಗ್ತಿದ್ದೆ.”

ಸಾಸಲಿನಿಂದ ದೊಡ್ಡಬಳ್ಳಾಪುರದ ಕಡೆ ಬರುವಾಗ ಬಿಳೀ ಪ್ಲಾಸ್ಟಿಕ್ಕಿನ ಪಾಲಿಹೌಸುಗಳು ಕಾಣುತ್ತವಲ್ಲ, ಅಂಥದ್ದರಲ್ಲಿ ಒಂದು ನಮ್ಮದು. ನಮ್ಮದು ಎಂದರೆ, ದುಡಿಯುವವರು ನಾವು. ಅಲ್ಲಿ ಬೆಳೆಯುವುದು ವಿಮಾನ ಹತ್ತಿ ಹೋಗುವ ಗುಲಾಬಿ. ಬೆಳಗ್ಗೆ ಹುಡುಗೀರು ಕೊಯ್ದು ಬಕೆಟ್ಟಿನಲ್ಲಿ ನಿಲ್ಲಿಸಿ ತರುತ್ತಾರೆ. ಪ್ಯಾಕಿಂಗ್ ಶೆಡ್ಡಿನಲ್ಲಿ ನಾವು ಮುದುಕಿಯರು ಕೆಳಗಿನ ಎಲೆ ತರಿದು, ಮುಳ್ಳು ತೆಗೆದು, ಕಡ್ಡಿಯ ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟಿ ನೀರಿಗೆ ಇಡಬೇಕು. ಹೂವಿಗೂ ನಿಲ್ಲುವ ಕೆಲಸ, ನಮಗೂ ನಿಲ್ಲುವ ಕೆಲಸ. ಹೂವಿಗೆ ಮಾತ್ರ ಹೊತ್ತುಹೊತ್ತಿಗೆ ನೀರು ಬದಲಾಯಿಸುತ್ತಿದ್ದರು.

ಮೇಜು ಉದ್ದನೆಯದು. ನೀಲಗಿರಿ ಮರದ ಗಳುಗಳೇ ಕಾಲು, ಮೇಲೆ ಹಲಗೆ. ಕಂಪನಿ ಶುರುವಾದಾಗ ಯಾರೋ ಎತ್ತರದ ಗಂಡಸು ನಿಂತು ಅಳತೆ ಕೊಟ್ಟಿರಬೇಕು. ನನಗೆ ಅದು ಪಕ್ಕೆಲುಬಿಗೆ ಬರುತ್ತಿತ್ತು. ಅದಕ್ಕೆ ಒರಗುವ ಹಾಗಿರಲಿಲ್ಲ. ಒರಗಿದರೆ ಹಲಗೆ ಅಲ್ಲಾಡುತ್ತದೆ, ಎಸಳು ಉದುರುತ್ತದೆ ಎಂದು ಕೆಂಪರಾಜ ಬೈಯುತ್ತಿದ್ದ. ನೆಲ ಸಿಮೆಂಟಿನದು, ಯಾವಾಗಲೂ ನೀರು. ಬೆಳಗ್ಗೆ ನಿಂತರೆ ಸಂಜೆ ಟೆಂಪೋ ಹತ್ತುವಾಗ ಕಾಲನ್ನು ಕೈಯಿಂದ ಎತ್ತಿ ಇಡಬೇಕು. ಬೆರಳಿಗೆ ಮುಳ್ಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಹೂವಿನ ಮೇಲೆ ರಕ್ತ ಕಂಡಾಗ ಗೊತ್ತಾಗುತ್ತದೆ. ಕೆಂಪು ಹೂವಾದರೆ ಆಗಲೂ ಗೊತ್ತಾಗುವುದಿಲ್ಲ.

ಕೆಂಪರಾಜ ನಮ್ಮೂರವನೇ. ದೊಡ್ಡ ಮನೆಯ ಕಿರಿಮಗ. ನಾವು ಊರಾಚೆಯ ಕಾಲೋನಿಯವರು. ದೊಡ್ಡ ಮನೆಗೊಂದು ಜಗಲಿ ಇದೆ. ಅದರ ಮುಂದೆ ನಮ್ಮವ್ವ ನಿಂತಿದ್ದಳು, ಆಮೇಲೆ ನಾನು ನಿಂತೆ. ಆ ಮನೆಯವರು ಎದುರು ಬಂದರೆ ನಮ್ಮವರು ಕೂತಲ್ಲಿಂದ ಏಳಬೇಕು. ಯಾರೂ ಹೇಳಿಕೊಡುವುದಿಲ್ಲ, ಮಕ್ಕಳು ನೋಡಿ ಕಲಿಯುತ್ತವೆ. ಕೆಂಪರಾಜ ತೊಟ್ಟಿಲಲ್ಲಿ ಉಚ್ಚೆ ಹುಯ್ದುಕೊಂಡು ಅಳುತ್ತಿದ್ದಾಗಲೂ ನಾವು ಅವನೆದುರು ನಿಂತಿದ್ದೇವೆ.

ಜನವರಿ ಕಳೆಯುವಾಗ ಗೇಟಿನ ಹತ್ತಿರ ಒಂದು ಬೋರ್ಡು ಬಂತು. ನಮ್ಮಲ್ಲಿ ಓದು ಬರುವವಳು ನಾನೊಬ್ಬಳೇ. ಕಾಲೋನಿಯ ರಾತ್ರಿ ಶಾಲೆಯಲ್ಲಿ, ಮೊಮ್ಮಕ್ಕಳ ಸ್ಲೇಟು ಹಿಡಿದು ಕಲಿತದ್ದು. ಕೂಡಿಸಿ ಕೂಡಿಸಿ ಓದಿದೆ.

“ಹಿರಿಯ ಕಾರ್ಮಿಕರು ನಮ್ಮ ಹೆಮ್ಮೆ.”

“ಯಾರಂತೆ ಅವ್ರು?” ಎಂದಳು ಮುತ್ಯಾಲಮ್ಮ. ನಮ್ಮ ಗುಂಪಿನಲ್ಲಿ ಅವಳ ನಾಲಗೆಯೇ ಚೂಪು.

“ನಾವೇ ಕಣೆ.”

“ಹೋದ ವಾರ ತಾನೆ ಕೆಂಪರಾಜ ನಮ್ಮನ್ನ ತೂತುಬಿದ್ದ ಬಕೆಟ್ಟು ಅಂದ. ಒಂದೇ ವಾರಕ್ಕೆ ಹೆಮ್ಮೆ ಆಗ್ಬಿಟ್ವಾ?”

ಆಮೇಲೆ ಗೊತ್ತಾಯಿತು. ನಮ್ಮ ಹೂ ಕೊಳ್ಳುವ ದೇಶದವರು, ನಿಮ್ಮಲ್ಲಿ ವಯಸ್ಸಾದವರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದ್ದರಂತೆ. ಅದಕ್ಕೆ ನಮಗೆ ಮೂರು ದಿನ ಬೆಳಗಿನ ಹೊತ್ತು ತರಬೇತಿ. ನಡುವೆ ಡಾಕ್ಟರು. ಕೊನೆಗೆ ಫೋಟೋ.

ಮೊದಲ ದಿನ ಗೊಬ್ಬರದ ಶೆಡ್ಡು ಗುಡಿಸಿ ಸಾಲಾಗಿ ಹೊಸ ಕುರ್ಚಿ ಹಾಕಿದ್ದರು. ನೀಲಿ ಬಣ್ಣದವು, ಕೈ ಇಲ್ಲದವು. ಸುತ್ತಿದ್ದ ತೆಳು ಪ್ಲಾಸ್ಟಿಕ್ಕು ಹಾಗೇ ಇತ್ತು, ಹರಿಯಬಾರದೆಂದು ಕೆಂಪರಾಜ ಹೇಳಿ ಹೋಗಿದ್ದ. ನಾವು ಒಳಗೆ ಹೋದೆವು. ಊಟದ ಬ್ಯಾಗುಗಳನ್ನು ಕುರ್ಚಿಯ ಮೇಲೆ ಜೋಪಾನವಾಗಿ ಇಟ್ಟೆವು. ಅದರ ಮುಂದೆ ನೆಲದ ಮೇಲೆ ಕೂತೆವು.

ಪಾಠ ಹೇಳಲು ಬಂದವಳು ಪ್ರಿಯಾಂಕ ಎಂಬ ಬೆಂಗಳೂರಿನ ಹುಡುಗಿ. ಬಾಗಿಲಲ್ಲೇ ನಿಂತು, ಕುರ್ಚಿಯ ಮೇಲಿನ ಬ್ಯಾಗುಗಳನ್ನೂ ನೆಲದ ಮೇಲಿನ ನಮ್ಮನ್ನೂ ನೋಡಿದಳು.

“ಆಂಟಿ, ಯಾಕೆ ಕೆಳಗೆ ಕೂತಿದ್ದೀರ?”

“ಇಲ್ಲಿಂದ ಬಿದ್ರೆ ಏಟಾಗಲ್ಲ ತಾಯಿ,” ಎಂದಳು ಮುತ್ಯಾಲಮ್ಮ.

“ಕುರ್ಚಿ ನಿಮಗೇ ಹಾಕಿರೋದು.”

“ನಮ್ಗಾ? ಬ್ಯಾಗಿಗೆ ಅನ್ಕಂಡ್ವಿ.”

ಅವಳು ಒಬ್ಬೊಬ್ಬರನ್ನೇ ಕೈಹಿಡಿದು ಕೂರಿಸಿದಳು. ಪ್ಲಾಸ್ಟಿಕ್ಕು ಚರಚರ ಎಂದಿತು. ನಾವು ಅಂಚಿನಲ್ಲಿ ಕೂತೆವು, ಬಸ್ಸಿನಲ್ಲಿ ಯಾರಾದರೂ ಎಬ್ಬಿಸುತ್ತಾರೇನೋ ಎಂದು ಕೂರುತ್ತಾರಲ್ಲ ಹಾಗೆ. ಮುನಿತಾಯಮ್ಮ ಮಾತ್ರ ಹಿಂದಕ್ಕೆ ಸರಿದು ಪೂರ್ತಿ ಕೂತಳು. ಕಾಲು ಚಾಚಿದಳು. ಕಣ್ಣು ಮುಚ್ಚಿದಳು. ಅವಳ ಮುಖ ಹಾಗೆ ಸಡಿಲವಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಅವಳ ಮದುವೆಯ ದಿನವೂ ನೋಡಿಲ್ಲ, ಆ ದಿನ ಅವಳು ಅಳುತ್ತಿದ್ದಳು.

ಪಾಠದ ಹೆಸರೇ ಸರಿಯಾಗಿ ಕೂರುವುದು ಹೇಗೆ ಎಂದು. ಗೋಡೆಯ ಮೇಲೆ ಒಬ್ಬ ಬಿಳೀ ಅಜ್ಜಿಯ ಚಿತ್ರ ಬಿಟ್ಟರು.

“ಬೆನ್ನು ನೆಟ್ಟಗಿರಬೇಕು. ಪಾದ ನೆಲಕ್ಕೆ ಊರಬೇಕು. ಮೇಜು ಮೊಣಕೈ ಮಟ್ಟಕ್ಕಿರಬೇಕು. ಅರ್ಧ ಗಂಟೆಗೊಂದು ಸಲ ಏಳಬೇಕು,” ಎಂದಳು ಪ್ರಿಯಾಂಕ.

“ಏಳೋದು ಚೆನ್ನಾಗಿ ಬರ್ತದೆ ತಾಯಿ,” ಎಂದಳು ಮುತ್ಯಾಲಮ್ಮ. “ಕೂರೋದ ಇನ್ನೊಂದ್ಸಲ ಹೇಳು.”

ಆಮೇಲೆ ಒಂದು ಮಾತನ್ನು ನಮ್ಮ ಬಾಯಲ್ಲೂ ಹೇಳಿಸಿದಳು. ಕೆಲಸ ನಮ್ಮ ಮೈಗೆ ಹೊಂದಬೇಕು, ಮೈಯನ್ನು ಕೆಲಸಕ್ಕೆ ಬಗ್ಗಿಸಬಾರದು. ರಾತ್ರಿ ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ ಮತ್ತೆ ಮತ್ತೆ ಹೇಳಿದೆವು. ಹೇಳುತ್ತ ಹೇಳುತ್ತ ಅದಕ್ಕೊಂದು ರಾಗವೂ ಬಂತು.

ಅಷ್ಟರಲ್ಲಿ ಕೆಂಪರಾಜ ಫೋನಿನ ಚಾರ್ಜರು ಹುಡುಕಿಕೊಂಡು ಒಳಗೆ ಬಂದ. ನಾವೆಲ್ಲ ದಡಕ್ಕನೆ ಎದ್ದು ನಿಂತೆವು.

“ವೆರಿ ಗುಡ್,” ಎಂದಳು ಪ್ರಿಯಾಂಕ. “ನಾನು ಹೇಳೋ ಮುಂಚೇನೇ ಎದ್ರಿ.”

ಅವನು ಹೋದ. ಕೂತೆವು. ವೈರು ಮರೆತಿದ್ದನಂತೆ, ಮತ್ತೆ ಬಂದ. ಎದ್ದೆವು. ಹೋದ, ಕೂತೆವು. ಬಾಗಿಲಲ್ಲಿ ನಿಂತು, ಚೆನ್ನಾಗಿ ನಡೀತಿದ್ಯಾ ಮೇಡಂ ಎಂದು ಇಣುಕಿದ. ಎದ್ದೆವು.

“ಇವ್ನು ಹಿಂಗೇ ಓಡಾಡ್ತಿದ್ರೆ ನನ್ ಕಾಲು ವಾಸಿಯಾಗಲ್ಲ, ಕಳಚ್ಕೊಂಡು ಬೀಳ್ತದೆ,” ಎಂದಳು ಮುನಿತಾಯಮ್ಮ.

ಇದು ವ್ಯಾಯಾಮವಲ್ಲ ಎಂದು ಪ್ರಿಯಾಂಕಳಿಗೆ ಆಗ ಹೊಳೆಯಿತು. ಯಾಕೆ ಏಳುತ್ತೀರಿ ಎಂದು ನನ್ನನ್ನು ಕೇಳಿದಳು. ದೊಡ್ಡ ಮನೆಯ ಜಗಲಿಯ ಕಥೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಇದು ಅವರ ಮನೆ ಅಲ್ವಲ್ಲಮ್ಮ,” ಎಂದಳು.

“ಅದು ನಮ್ ತಲೆಗೆ ಗೊತ್ತು ತಾಯಿ,” ಎಂದಳು ಮುತ್ಯಾಲಮ್ಮ. “ಕಾಲಿಗೆ ಗೊತ್ತಿಲ್ಲ.”

ಎರಡನೆಯ ದಿನ ಡಾಕ್ಟರು ಬಂದರು. ಬಿ.ಪಿ., ಸಕ್ಕರೆ, ಕಣ್ಣು ನೋಡಿದರು. ಮುನಿತಾಯಮ್ಮನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಡಾಕ್ಟರು ಆ ಗುಳಿ ತುಂಬುವುದನ್ನೇ ಕಾಯುತ್ತ ಕೂತರು.

“ಅಮ್ಮ, ನೀವು ನಿಂತು ಕೆಲಸ ಮಾಡಬಾರದು. ಕೂತು ಮಾಡಿ. ಕೂತು ಮಾಡಿದ್ರೆ ಇನ್ನೂ ಹತ್ತು ವರ್ಷ ಮಾಡ್ತೀರ.”

ಮುನಿತಾಯಮ್ಮ ಖುಷಿಯಾಗಿ ಹೊರಗೆ ಬಂದಳು. ಮ್ಯಾನೇಜರ್ ಅಶೋಕ್ ಅಲ್ಲೇ ಇದ್ದರು. ಯಾವಾಗಲೂ ಮೆತ್ತಗೆ ಮಾತಾಡುವವರು. ಮೆತ್ತಗೆ ಹೇಳಿದರು.

“ಕೂತು ಮಾಡೋ ಕೆಲಸ ನಮ್ಮಲ್ಲಿ ಇಲ್ಲಮ್ಮ. ಡಾಕ್ಟರ ಮಾತು ನಾವು ಮೀರೋ ಹಾಗಿಲ್ಲ. ನಾಳೆ ಕಾರ್ಯಕ್ರಮದಲ್ಲಿ ಶಾಲು ಹೊದಿಸಿ ಗೌರವದಿಂದ ಕಳಿಸ್ತೀವಿ. ಮನೇಲಿ ರೆಸ್ಟ್ ತಗೊಳ್ಳಿ.”

ಇದು ಆರೋಗ್ಯ ತಪಾಸಣೆ. ಒಳಗೆ ಹೋದಾಗ ಅವಳಿಗೆ ಕಾಲುನೋವಿತ್ತು, ಹೊರಗೆ ಬಂದಾಗ ಕೆಲಸವಿರಲಿಲ್ಲ.

ಗಂಡ ಸತ್ತು ಎಷ್ಟೋ ವರ್ಷವಾಗಿದೆ. ಮಗಳು ಹೆರಿಗೆಯಲ್ಲಿ ಹೋದಳು. ಮೊಮ್ಮಗಳು ಇವಳ ಜೊತೆ ಇದ್ದಾಳೆ, ಹೈಸ್ಕೂಲು. ವೃದ್ಧಾಪ್ಯ ವೇತನ ಕೇಳೋಣವೆಂದರೆ ಆಧಾರಿನಲ್ಲಿ ಯಾರೋ ಬಾಯಿಗೆ ಬಂದ ವರ್ಷ ಬರೆದು ಅವಳಿಗೆ ಇನ್ನೂ ಐವತ್ತು ಚಿಲ್ಲರೆ.

“ನೋಡೇ ಪಾಪಕ್ಕ,” ಎಂದಳು ಟೆಂಪೋದಲ್ಲಿ ನನಗೆ. “ಕಂಪನಿಗೆ ನಾನು ಮುದುಕಿ. ತಾಲ್ಲೂಕು ಆಫೀಸಿಗೆ ಹುಡುಗಿ. ಎರಡೂ ಕಡೆಯವ್ರು ಕೂಡ್ಕೊಂಡು ಮಾತಾಡಿ ಒಂದು ತೀರ್ಮಾನ ಮಾಡಿದ್ರೆ ನಾನು ಹಂಗೇ ಇರ್ತಿದ್ದೆ.”

ನಗುತ್ತಲೇ ಹೇಳಿದಳು. ನಾವೂ ನಕ್ಕೆವು.

ಮೂರನೆಯ ದಿನ ಫೋಟೋದವನು ಬಂದ. ಪ್ರೇಮಿಗಳ ದಿನ ಹತ್ತಿರವಾಗಿತ್ತು. ನಮ್ಮ ಕಂಪನಿಗೆ ಅದೇ ಸುಗ್ಗಿ. ಪ್ಯಾಕಿಂಗ್ ಶೆಡ್ಡಿನ ತುಂಬ ಬಕೆಟ್ಟು, ಕಾಲಿಡಲು ಜಾಗವಿಲ್ಲ. ಸಂಜೆಗೆ ಏರ್‌ಪೋರ್ಟಿಗೆ ಲಾರಿ ಹೋಗಬೇಕು. ಹುಡುಗೀರು ಬೆಳಗಿನ ಜಾವದಿಂದ ಕೊಯ್ದು ತರುತ್ತಲೇ ಇದ್ದರು. ಆದರೂ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದರು, ನಾವು ಹೆಮ್ಮೆಯಲ್ಲವೇ. ಒಬ್ಬೊಬ್ಬರಿಗೂ ಒಂದು ಸರ್ಟಿಫಿಕೇಟು. ಸರಿಯಾಗಿ ಕೂರುವುದನ್ನು ಕಲಿತಿದ್ದೇವೆ ಎಂದು ಅದರಲ್ಲಿ ಬರೆದಿತ್ತು.

ಅಶೋಕ್ ಮೈಕಿನಲ್ಲಿ ಮುನಿತಾಯಮ್ಮನ ಹೆಸರು ಕರೆದರು. ಶಾಲು ಬಿಚ್ಚಿ ಹಿಡಿದರು. ಜೊತೆಗೆ ಗುಲಾಬಿಯ ಒಂದು ಕಟ್ಟು. ನಾವೇ ಹಿಂದಿನ ದಿನ ಕಡ್ಡಿ ಸೊಟ್ಟಗಿದೆ ಎಂದು ಬೇರೆ ಕಟ್ಟಿ ಪಕ್ಕಕ್ಕಿಟ್ಟ ಹೂ ಅದು. ನನ್ನ ಗಂಟು ನನಗೆ ಗುರುತು ಸಿಗುವುದಿಲ್ಲವೇ.

ಮುನಿತಾಯಮ್ಮ ಏಳಲಿಲ್ಲ.

“ಬನ್ನಿ ಅಮ್ಮ, ಎದ್ದು ಬನ್ನಿ,” ಎಂದರು ಅಶೋಕ್.

“ನಿಂತ್ಕೋಬ್ಯಾಡ ಅಂದವ್ರೆ ಡಾಕ್ಟ್ರು. ಅವ್ರ ಮಾತು ಮೀರೋ ಹಂಗಿಲ್ಲ ಅಂತ ನೀವೇ ಹೇಳಿದ್ರಿ ಸಾರ್.”

“ಒಂದು ಫೋಟೋಗೆ.”

“ಫೋಟೋದಲ್ಲಿ ಕೂತಿರೋದೂ ಬೀಳ್ತದೆ.”

ಕೆಂಪರಾಜ ಸನ್ನೆ ಮಾಡಿದ. ಕಣ್ಣು ಬಿಟ್ಟ. ಅವಳು ಅವನ ಕಡೆ ನೋಡಲೇ ಇಲ್ಲ. ಕುರ್ಚಿಯ ಎರಡೂ ಪಕ್ಕ ಗಟ್ಟಿಯಾಗಿ ಹಿಡಿದು ಗೋಡೆ ನೋಡುತ್ತಿದ್ದಳು. ಏಳು ಎಂದು ಹೇಳುವ ಕಾಲು, ಏಳಬೇಡ ಎಂದು ಹೇಳುವ ಕೈ. ಕೊನೆಗೆ ಮ್ಯಾನೇಜರೇ ಅವಳ ಹತ್ತಿರ ಬಂದು, ಬಗ್ಗಿ, ಶಾಲು ಹೊದಿಸಿದರು. ಅವಳು ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ, ಏಳದೆಯೇ ತುಸು ಸರಿದು ಅಡಿಗೆ ಹಾಕಿಕೊಂಡು ಅದರ ಮೇಲೆ ಕೂತಳು.

“ಮೆತ್ತಗೈತೆ,” ಎಂದಳು.

ದೊಡ್ಡವರೆಲ್ಲ ಬಿರಿಯಾನಿ ತಿನ್ನಲು ಆಫೀಸಿಗೆ ಹೊರಟರು. ಕುರ್ಚಿಗಳನ್ನು ಸ್ಟೋರಿನಲ್ಲಿಟ್ಟು ಕೆಲಸಕ್ಕೆ ನಿಲ್ಲಿ ಎಂದು ಹೇಳಿ ಕೆಂಪರಾಜನೂ ಹೋದ.

ನಾವು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತೆವು. ಸ್ಟೋರು ಎಡಕ್ಕಿತ್ತು. ಮುಂದೆ ಹೋಗುತ್ತಿದ್ದ ಮುತ್ಯಾಲಮ್ಮ ಬಲಕ್ಕೆ ತಿರುಗಿದಳು. ನಾವೂ ಅವಳ ಹಿಂದೆ ತಿರುಗಿದೆವು. ಪ್ಯಾಕಿಂಗ್ ಶೆಡ್ಡಿಗೆ ಹೋಗಿ ಮೇಜಿನ ಸುತ್ತ ಕುರ್ಚಿ ಹಾಕಿ ಕೂತೆವು. ಬೆನ್ನು ನೆಟ್ಟಗೆ. ಪಾದ ನೆಲಕ್ಕೆ.

ಮೇಜು ಗಲ್ಲಕ್ಕೆ ಬಂತು.

ಹೂ ಹಿಡಿಯಬೇಕಾದರೆ ಶರಣಾದವರ ಹಾಗೆ ಎರಡೂ ಕೈ ಮೇಲೆತ್ತಬೇಕು. ಬಕೆಟ್ಟು ತಂದ ಹುಡುಗೀರು ನಮ್ಮನ್ನು ನೋಡಿ ಬಿದ್ದು ಬಿದ್ದು ನಕ್ಕರು. ಮೇಜಿನ ಮೇಲೆ ಬರೀ ತಲೆ. ಸಂತೆಯಲ್ಲಿ ಕುಂಬಳಕಾಯಿ ಸಾಲಾಗಿ ಇಟ್ಟ ಹಾಗೆ ಕಾಣುತ್ತಿದ್ದೆವಂತೆ.

ಮುನಿತಾಯಮ್ಮ ಶಾಲು ಕೈಗೆ ತೆಗೆದುಕೊಂಡಳು. “ಬಿಡ್ರೇ. ಆಗದ ಮಾತು. ನೀವು ನಿಂತ್ಕಂಡು ಮಾಡಿ. ನಾನು ಹೊರಡ್ತೀನಿ.”

ನನಗೆ ಕೋಪ ಬರುವುದು ಕಡಮೆ. ಬಂದರೆ ನಿಧಾನಕ್ಕೆ ಬರುತ್ತದೆ. ಆವತ್ತು ಬಂತು. ಮೂರು ದಿನ ರಾಗವಾಗಿ ಹೇಳಿಸಿದ್ದರಲ್ಲ, ಕೆಲಸ ಮೈಗೆ ಹೊಂದಬೇಕು ಎಂದು. ಸರ್ಟಿಫಿಕೇಟು ಕೊಟ್ಟಿದ್ದರಲ್ಲ. ಪಾಠ ಕಲಿಸಿ, ಪಾಸು ಮಾಡಿ, ಅದನ್ನು ನಾವು ಮಾಡಬಾರದೆಂದರೆ ಏನು ಅರ್ಥ. ಹಳೇ ಗುಲಾಬಿ ಬುಡ ಕೊಯ್ಯುವ ಗರಗಸ ಗೋಡೆಗೆ ನೇತುಹಾಕಿತ್ತು. ತೆಗೆದುಕೊಂಡೆ.

“ಕೂತ್ಕೊಳೇ ಮುನಿತಾಯಿ. ಮೊಣಕೈ ಮಡಚು,” ಎಂದೆ.

“ಏನ್ ಮಾಡ್ತೀಯೆ?”

“ಅಳತೆ.”

ಅವಳ ಮೊಣಕೈ ಎಲ್ಲಿಗೆ ಬರುತ್ತದೋ ನೋಡಿ, ಎಷ್ಟು ಹೆಚ್ಚಿದೆಯೋ ಅಷ್ಟಕ್ಕೆ ಮೇಜಿನ ಕಾಲುಗಳ ಬುಡದಲ್ಲಿ ಇದ್ದಿಲಿನಿಂದ ಗೆರೆ ಎಳೆದೆ. ಹುಡುಗೀರು ನಗು ನಿಲ್ಲಿಸಿ ಮೇಜು ಖಾಲಿ ಮಾಡಿದರು, ಗಟ್ಟಿಗಿತ್ತಿಯರು ಒಂದು ಕಡೆ ಎತ್ತಿ ಹಿಡಿದರು. ನಾನು ಸೌದೆ ಕೊಯ್ದು ಬೆಳೆದವಳು. ಆದರೆ ನೀಲಗಿರಿ ಒಣಗಿದರೆ ಕಬ್ಬಿಣ. ಮೊದಲ ಕಾಲಿಗೇ ಬೆವರು ಕಣ್ಣಿಗಿಳಿಯಿತು, ಭುಜ ಕಿತ್ತು ಬಂತು. ಮುತ್ಯಾಲಮ್ಮ ಇನ್ನೊಂದು ತುದಿ ಹಿಡಿದಳು. ಎಳೆದೆವು. ಒಬ್ಬರಾದ ಮೇಲೆ ಒಬ್ಬರು ಎಳೆದೆವು.

ಎಲ್ಲ ಕಾಲೂ ಕೊಯ್ದು ಮೇಜು ಊರಿದರೆ ಓರೆ. ಹಲಗೆಯ ಮೇಲಿಟ್ಟ ಹೂವೆಲ್ಲ ಉರುಳಿ ಮುತ್ಯಾಲಮ್ಮನ ಮಡಿಲಿಗೆ ಬಂದವು.

“ನಂಗೆ ಯಾರೂ ಇಷ್ಟು ಹೂ ಕೊಟ್ಟಿರ್ಲಿಲ್ಲ,” ಎಂದಳು ಅವಳು.

ಈ ಕಡೆ ಚೂರು ಕೊಯ್ದೆವು. ಆ ಕಡೆ ಓರೆಯಾಯಿತು. ಆ ಕಡೆ ಕೊಯ್ದೆವು. ಇನ್ನೊಂದು ಸುತ್ತು ಹೋಗಿದ್ದರೆ ಕುರ್ಚಿ ಬಿಟ್ಟು ಚಾಪೆ ಹಾಸಿಕೊಳ್ಳಬೇಕಿತ್ತು. ಅಂತೂ ಮಟ್ಟವಾಯಿತು. ಮೇಜು ಮುನಿತಾಯಮ್ಮನ ಮೊಣಕೈಗೆ ಬಂತು. ಅವಳು ಒಂದು ಹೂ ತೆಗೆದುಕೊಂಡು ಎಲೆ ತರಿದಳು. ಇನ್ನೊಂದು ತೆಗೆದುಕೊಂಡಳು. ನಾವೂ ಶುರು ಮಾಡಿದೆವು.

ಕೆಂಪರಾಜ ಬಾಯಿ ಒರೆಸಿಕೊಳ್ಳುತ್ತ ಬಂದ. ಬಾಗಿಲಲ್ಲೇ ನಿಂತ. ಮೊದಲು ನಾವು ಗಿಡ್ಡವಾಗಿದ್ದೇವೆ ಅಂದುಕೊಂಡನೋ ಏನೋ, ನಮ್ಮನ್ನೇ ನೋಡಿದ. ಆಮೇಲೆ ನೆಲದ ಮೇಲಿದ್ದ ಮರದ ತುಂಡುಗಳನ್ನು ನೋಡಿದ. ವಾಪಸು ಓಡಿದ. ಅಶೋಕ್‌ ಅವರನ್ನು ಕರೆದುಕೊಂಡು ಬಂದ.

“ಯಾರು ಕುಯ್ದಿದ್ದು?” ಎಂದರು ಅವರು. ಆವತ್ತು ಮೆತ್ತಗೆ ಹೇಳಲಿಲ್ಲ.

“ನಾನು,” ಎಂದೆ.

“ನಾನು ಎಳೆದೆ,” ಎಂದಳು ಮುತ್ಯಾಲಮ್ಮ.

“ನಾವು ಹಿಡ್ಕೊಂಡಿದ್ವಿ,” ಎಂದರು ಹುಡುಗೀರು.

“ಇದು ಕಂಪನಿ ಆಸ್ತಿ ಕಣ್ರೀ.”

“ನಾವು ಕಂಪನಿ ಹೆಮ್ಮೆ ಸಾರ್,” ಎಂದಳು ಮುತ್ಯಾಲಮ್ಮ.

“ಎಲ್ಲಾರನ್ನೂ ಕಳಿಸ್ತೀನಿ.”

“ಕಳ್ಸಿ ಸಾರ್,” ಎಂದೆ. “ಆದ್ರೆ ಒಂದ್ ಮಾತು. ಕೂತು ಮಾಡೋ ಕೆಲಸ ನಮ್ಮಲ್ಲಿ ಇಲ್ಲ ಅಂದಿದ್ರಿ. ಅದಕ್ಕೇ ಮುನಿತಾಯಿಗೆ ಶಾಲು ಹೊದಿಸಿದ್ರಿ. ಈಗ ನಿಂತು ಮಾಡೋ ಕೆಲಸ ಇಲ್ಲ ಸಾರ್. ಕೂತು ಮಾಡೋದೇ ಇರೋದು.”

ಅಶೋಕ್ ಮೇಜು ನೋಡಿದರು. ಬಕೆಟ್ಟು ನೋಡಿದರು. ಹೂ ಆಗಲೇ ಬಾಯಿ ಬಿಡಲು ಶುರು ಮಾಡಿದ್ದವು. ಹೊರಗೆ ಲಾರಿಯವನು ಹಾರನ್ನು ಹೊಡೆದ. ಕೊಯ್ದ ಕಾಲು ಮತ್ತೆ ಬೆಳೆಯುವುದಿಲ್ಲ, ಬಡಗಿ ಬರಬೇಕೆಂದರೆ ನಾಳೆ. ನಮ್ಮನ್ನು ಕಳಿಸಿದರೆ ಕಟ್ಟು ಕಟ್ಟುವವರಿಲ್ಲ.

“ಸೀಸನ್ ಮುಗೀಲಿ, ನೋಡ್ಕೋತೀನಿ,” ಎಂದು ಹೋದರು.

ಸೀಸನ್ ಮುಗಿಯಿತು. ಇವತ್ತಿಗೂ ನೋಡಿಕೊಳ್ಳುತ್ತಲೇ ಇದ್ದಾರೆ. ಮುನಿತಾಯಮ್ಮ ಬರುತ್ತಿದ್ದಾಳೆ. ಶಾಲು ಕುರ್ಚಿಯ ಮೇಲೇ ಇದೆ. ಕೊಯ್ದು ತರುವ ಹುಡುಗೀರು ಆ ಮೇಜಿಗೆ ಬಗ್ಗಿ ಬಗ್ಗಿ ಸೊಂಟ ಹೋಯಿತೆಂದು ತಮಗೂ ಕುರ್ಚಿ ಕೇಳುತ್ತಿದ್ದಾರೆ. ಕೊಡುವುದಿಲ್ಲ ಎಂದು ಕಂಪನಿ ಹೇಳಿದೆ. ಗರಗಸವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಆದರೆ ನಾನು ಹೇಳಬೇಕೆಂದಿರುವುದು ಆ ಸಂಜೆಯದು.

ಲಾರಿಗೆ ತುಂಬುವ ಮುಂಚೆ ಕಟ್ಟುಗಳನ್ನು ಕೆಂಪರಾಜ ನೋಡಬೇಕು. ಯಾವಾಗಲೂ ಮೇಜಿನ ಮುಂದೆ ನೆಟ್ಟಗೆ ನಿಂತು ನೋಡುತ್ತಿದ್ದ. ಆವತ್ತು ಬಗ್ಗಬೇಕಾಯಿತು. ಒಂದು ಕಟ್ಟು ನೋಡಿದ. ಇನ್ನೊಂದು ನೋಡಿದ. ಸ್ವಲ್ಪ ಹೊತ್ತಿಗೆ ಸೊಂಟಕ್ಕೆ ಕೈ ಕೊಟ್ಟು “ಅಯ್ಯಪ್ಪಾ” ಎಂದ.

“ಬೆನ್ನು ಬಗ್ಗಿಸಬಾರ್ದು ಕೆಂಪರಾಜಪ್ಪ,” ಎಂದಳು ಮುತ್ಯಾಲಮ್ಮ. “ಮೊಣಕಾಲು ಮಡಚ್ಬೇಕು. ನೀನು ಕ್ಲಾಸಿಗೆ ಬರ್ದೆ ಚಾರ್ಜರು ಹುಡುಕ್ತಿದ್ದೆ.”

ಅವನು ಸುತ್ತ ನೋಡಿದ. ಯಾರೂ ಕೂರದೆ ಉಳಿದದ್ದು ಒಂದೇ ಕುರ್ಚಿ. ಅದು ನಮ್ಮ ಸಾಲಿನಲ್ಲಿತ್ತು, ನನಗೂ ಮುನಿತಾಯಮ್ಮನಿಗೂ ನಡುವೆ. ಅದರ ಮೇಲೆ ನಮ್ಮ ಊಟದ ಬ್ಯಾಗುಗಳಿದ್ದವು. ಮುನಿತಾಯಮ್ಮ ಒಂದೊಂದೇ ಬ್ಯಾಗು ತೆಗೆದು ಕೆಳಗಿಟ್ಟಳು.

ಅವನು ಬಾಗಿಲ ಕಡೆ ನೋಡಿದ. ಊರಿನವರು ಯಾರಾದರೂ ಇದ್ದಾರಾ ಎಂದಿರಬೇಕು. ಆಮೇಲೆ ಕೂತ. ಪ್ಲಾಸ್ಟಿಕ್ಕು ಚರಚರ ಎಂದಿತು.

ದೊಡ್ಡ ಮನೆಯವನು ನನ್ನ ಮಗ್ಗುಲಲ್ಲಿ ಕೂತಿದ್ದ. ನನ್ನ ಕಾಲು ಏಳಲು ಹೊರಟಿತು. ನಾನು ಹೇಳದೆಯೇ ಹೊರಟಿತು. ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದೆ. ಸಾಲಿನ ಕಡೆ ನೋಡಿದೆ. ಎಲ್ಲರ ಕೈಯೂ ಅವರವರ ಮೊಣಕಾಲಿನ ಮೇಲಿತ್ತು. ಕೆಲಸ ನಿಂತಿತ್ತು. ಹೂ ಯಾರ ಕೈಯಲ್ಲೂ ಇರಲಿಲ್ಲ.

ಯಾರೂ ಏಳಲಿಲ್ಲ.

ಮೊದಲು ಕೈ ತೆಗೆದವಳು ಮುನಿತಾಯಮ್ಮ.

“ಸುಮ್ನೆ ಯಾಕೆ ಕೂತಿದ್ದೀಯ ಕೆಂಪರಾಜ,” ಎಂದಳು. “ಆ ಕಡೆ ಇರೋ ದಾರ ಇತ್ತ ಕೊಡು.”

ಅವನು ಕೊಟ್ಟ.